ಸವೆದ ಹಿಡಿ

“ಇದು ಅಪ್ಪನ ಸೈಕಲ್ ಅಲ್ಲ!”

ರೇವಣಸಿದ್ದಪ್ಪ ಕೈಯಲ್ಲಿದ್ದ ಸ್ಪ್ಯಾನರನ್ನು ಚಪ್ಪಡಿಯ ಮೇಲೆ ಕುಕ್ಕಿದ. ರಾಜಾಜಿನಗರದ ವಠಾರದ ಅಂಗಳದಲ್ಲಿ, ಗೋಡೆಗೆ ಒರಗಿದ ಸೈಕಲ್ಲು ಅರೆಬೆತ್ತಲಾಗಿ ನಿಂತಿತ್ತು. ಚೈನು, ಪೆಡಲು, ಸೀಟು ಗೋಣಿಚೀಲದ ಮೇಲೆ ಬಿದ್ದಿದ್ದವು. ನಾಳೆ ಅಪ್ಪ ಶಂಭುಲಿಂಗಪ್ಪನವರ ವರ್ಷದ ಪೂಜೆ. ಅಷ್ಟರಲ್ಲಿ ತುಕ್ಕು ಕೆರೆದು, ಬಣ್ಣ ಹೊಡೆದು, ಅಪ್ಪ ಮಿಲ್ಲಿಗೆ ಹೋಗುತ್ತಿದ್ದ ಮಾಗಡಿ ರಸ್ತೆಯಲ್ಲೇ ಒಂದು ಸಲ ತುಳಿದುಕೊಂಡು ಬರಬೇಕೆಂಬುದು ಅವನ ಹಟ. ಅಪ್ಪ ಬಿಟ್ಟುಹೋದ ಆಸ್ತಿಯೆಂದರೆ ಇದೊಂದೇ.

“ಇದ್ದ ಹಾಗೇ ಇರ್ಲಿ ಬಿಡೋ ಅಂದೆ. ಕೇಳಿದ್ಯಾ?” ಹೊಸ್ತಿಲ ಮೇಲೆ ಅಕ್ಕಿ ಆರಿಸುತ್ತಿದ್ದ ತಾಯಿ ನೀಲಗಂಗಮ್ಮ ತಲೆ ಎತ್ತಲಿಲ್ಲ.

“ನೋಡಮ್ಮ ಇಲ್ಲಿ! ನಿನ್ನ ಮದುವೇಲಿ ತಾತ ಕೊಟ್ಟ ಸೈಕಲ್. ಟೈರು ಬೋಳಾಗಿದೆ, ಹಿಡಿ ಸವೆದು ಕಬ್ಬಿಣ ಕಾಣ್ತಿದೆ. ಪೆಡಲ್ ರಬ್ಬರ್ ಮಾತ್ರ ಅಂಗಡಿಯಿಂದ ಈಗ ತಂದಂಗಿದೆ. ಚೈನು ಹೊಸ ಮದುವಣಿಗನ ಥರ ಮಿಂಚ್ತಿದೆ. ಸೀಟಲ್ಲಿ ಕೂತ ಗುರುತೇ ಇಲ್ಲ. ಯಾರೋ ಕೈಚಳಕ ತೋರ್ಸಿದಾರೆ.”

ಯಾರೋ ಏನು ಬಂತು, ಮುನಿಯಪ್ಪನೇ. ಅಪ್ಪನ ಜೀವದ ಗೆಳೆಯ, ಬಸವೇಶ್ವರನಗರದ ತಿರುವಿನಲ್ಲಿ ಸೈಕಲ್ ಅಂಗಡಿ ಇಟ್ಟವನು. ಅಪ್ಪ ಹೋದ ಮೇಲೆ ವಠಾರದಲ್ಲಿ ಜಾಗವಿಲ್ಲವೆಂದು ಸೈಕಲ್ಲು ಅವನ ಅಂಗಡಿಯಲ್ಲೇ ಇತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಒಳ್ಳೆಯ ಇಂಗ್ಲಿಷ್ ಮಾಲು ಎಗರಿಸಿ, ಯಾವುದೋ ಅಗ್ಗದ್ದು ತುರುಕಿದ್ದಾನೆ!

ಆ ಬೀದಿಯಲ್ಲಿ ಶಂಭುಲಿಂಗಪ್ಪನವರನ್ನು ಸೈಕಲ್ ಇಲ್ಲದೆ ಕಂಡವರಿರಲಿಲ್ಲ. ಯಾವಾಗಲೂ ತಳ್ಳಿಕೊಂಡೇ ಬರುತ್ತಿದ್ದರು. “ಹಿರಿಯರು ಓಡಾಡೋ ಬೀದಿ, ಸವಾರಿ ಚೆನ್ನಾಗಿರಲ್ಲ,” ಎನ್ನುತ್ತಿದ್ದರು. ಮುದುಕರು ಎದುರಾದರೆ, ಗುಡಿ ಬಂದರೆ ಸೈಕಲ್ಲಿಂದ ಇಳಿಯುವುದು ಎಲ್ಲರ ರೂಢಿ. ಇವರದು ಅದಕ್ಕೂ ಒಂದು ಕೈ ಮೇಲು. ಅಕ್ಕಪಕ್ಕದವರು ತಮ್ಮ ಉಡಾಳ ಮಕ್ಕಳಿಗೆ “ಅವರನ್ನ ನೋಡಿ ಕಲಿ” ಎಂದು ಮೊಟಕುತ್ತಿದ್ದರು.

ರೇವಣನಿಗೆ ಮಾತ್ರ ಆ ವಿನಯವೆಂದರೆ ಮೈ ಉರಿಯುತ್ತಿತ್ತು. ಬೇರೆಯವರ ಅಪ್ಪಂದಿರು ಮಕ್ಕಳನ್ನು ಮುಂದಿನ ಬಾರಿನ ಮೇಲೆ ಕೂರಿಸಿಕೊಂಡು, ಗಂಟೆ ಬಾರಿಸುತ್ತ ಇಳಿಜಾರಿನಲ್ಲಿ ಹಾರಿಹೋಗುವರು. ಇವರು ಅವನನ್ನು ಕ್ಯಾರಿಯರ್ ಮೇಲೆ ಕೂರಿಸಿ, ಶಾಲೆಯವರೆಗೂ ಪಕ್ಕದಲ್ಲೇ ನಡೆಯುವರು. “ತುಳೀರಪ್ಪಾ, ಒಂದೇ ಒಂದ್ಸಲ!” ಎಂದು ಅತ್ತು ಕರೆದರೂ ಇಲ್ಲ. ಮಗನ ಆಸೆಗಿಂತ ಬೀದಿಯ ಮರ್ಯಾದೆಯೇ ಅವರಿಗೆ ಹೆಚ್ಚಾಯಿತು ಎಂಬ ಸಂಕಟ ಮೀಸೆ ಬಂದರೂ ಆರಿರಲಿಲ್ಲ. ನಾಳೆಯಾದರೂ ಅಪ್ಪನ ಸೀಟಿನ ಮೇಲೆ ಕೂತು, ಅಪ್ಪ ತುಳಿದ ಪೆಡಲನ್ನು ತುಳಿದು ಆ ಉರಿ ತಣಿಸಿಕೊಳ್ಳೋಣವೆಂದರೆ, ಅದಕ್ಕೂ ಕಲ್ಲು ಬಿತ್ತು.

ಚೈನು, ಪೆಡಲನ್ನು ಚೀಲಕ್ಕೆ ತುಂಬಿಕೊಂಡು ಓಡಿದ. ಅಂಗಡಿಯ ಮುಂದೆ ಗಿರಾಕಿಗಳಿದ್ದರು. ಇರಲಿ, ಕೇಳಿಸಿಕೊಳ್ಳಲಿ!

“ಅಪ್ಪನ ಚೈನು ಎಲ್ಲಿ? ಅಪ್ಪನ ಪೆಡಲ್ ಎಲ್ಲಿ? ಯಾರಿಗೆ ಮಾರಿದ್ರಿ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಮುನಿಯಪ್ಪನ ಮುಖ ಹಾಗೇ ಆಯಿತು. ಗಿರಾಕಿಗಳತ್ತ ನೋಡಿದ, ನೆಲ ನೋಡಿದ.

“ಇವು ನಿಮ್ಮಪ್ಪಂದೇ ಕಣಪ್ಪ. ಶಿವನಾಣೆ.”

“ದಿನಾ ತುಳಿದ ಪೆಡಲ್ ಹೀಗಿರತ್ತಾ?”

“ಅದನ್ನೊಂದು ನನ್ನ ಕೇಳ್ಬೇಡ. ಹಿಂಗೇ ಇತ್ತು. ಅಷ್ಟೇ.”

“ನಾಳೆ ನಮ್ಮನೆ ಎಲೆ ಮುಂದೆ ಕೂರೋಕೆ ಬರ್ಬೇಡಿ,” ಎಂದ ರೇವಣ. ಮುನಿಯಪ್ಪನ ಕಣ್ಣು ತುಂಬಿತು. ಚೈನು, ಪೆಡಲನ್ನು ಒರೆಸಿ ಚೀಲಕ್ಕೆ ಹಾಕಿ ಕೊಟ್ಟ.

ಮನೆಗೆ ಬಂದವನೇ ಇಸ್ತ್ರಿಯ ಶರ್ಟು ಹಾಕಿಕೊಳ್ಳತೊಡಗಿದ.

“ಎಲ್ಲಿಗೆ?”

“ಆ ಮುನಿಯಪ್ಪನ ಮೇಲೆ ಪೊಲೀಸ್ ಕಂಪ್ಲೇಂಟ್ ಕೊಡೋಕೆ. ಅವನ ಎಲೇನೂ ಕಿತ್ತು ಬಂದಿದೀನಿ.”

ನೀಲಗಂಗಮ್ಮ ಮೊರವನ್ನು ಪಕ್ಕಕ್ಕಿಟ್ಟು ಎದ್ದಳು. “ಅಯ್ಯೋ ಪಾಪಿ! ಹೋಗಿ ಅವ್ನ ಕಾಲಿಗೆ ಬಿದ್ದು ಕರ್ಕೊಂಡು ಬಾ. ನಿಮ್ಮಪ್ಪಂಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು ಬೈಸ್ಕೊಂಡಿದಾನೆ ಆ ಮನುಷ್ಯ.”

“ಯಾವ ಮಾತು?”

ಅವಳು ಸೈಕಲ್ಲಿನ ಹತ್ತಿರ ಬಂದು ಹ್ಯಾಂಡಲನ್ನು ನೇರ ಮಾಡಿದಳು. “ಎಡಗಡೆ ಹಿಡಿ ಸವೆದು ಕಬ್ಬಿಣ ಕಾಣ್ತಿದೆ ಸರಿ. ಬಲಗಡೇದು?”

ರೇವಣ ನೋಡಿದ. ಬಲಗಡೆಯ ಹಿಡಿಯ ಗೆರೆಗಳು ಒಂದೂ ಅಳಿಸಿರಲಿಲ್ಲ.

“ನಿಮ್ಮಪ್ಪಂಗೆ ಸೈಕಲ್ ತುಳಿಯೋಕೇ ಬರ್ತಿರ್ಲಿಲ್ಲ ಕಣೋ. ಎಡಗೈ ಈ ಹಿಡಿ ಮೇಲಿರ್ತಿತ್ತು, ಬಲಗೈ ನೀನು ಬೀಳದ ಹಾಗೆ ನಿನ್ನ ಬೆನ್ನ ಮೇಲೆ.”