ಬಲ ಮಗ್ಗುಲು, ಎಡ ಮಗ್ಗುಲು

‘ನಾನು ಯಾವ ಮಗ್ಗುಲಿಗೆ ಮಲಗೋದು, ಹೇಳಿ ನೋಡೋಣ,’ ಎಂದು ಹೆಂಗಸು ಪಿಸುಗುಟ್ಟಿದಳು.

ಗಾರೆ ಕೆಲಸದವನು ಅರ್ಧ ನೆರೆತ ತಲೆಯನ್ನು ಕೆರೆದುಕೊಂಡ. ‘ಎಡಕ್ಕಲ್ವಾ?’

‘ಬಲಕ್ಕೆ. ಬೆಳಿಗ್ಗೆಯಿಂದ ಬಡ್ಕೋತಾ ಇದೀನಿ. ತಲೇಲಿ ಏನು ಸಿಮೆಂಟು ಕಲಸಿಟ್ಕೊಂಡಿದೀರಾ?’

ಎದುರು ಬೆಂಚಿನವರು ಮುಸಿಮುಸಿ ನಕ್ಕರು. ನಿರಾಶ್ರಿತರ ಶಿಬಿರದ ಆ ಕಾರಿಡಾರಿನಲ್ಲಿ ಕೂತವರಿಗೆಲ್ಲ ಇದೇ ಕೆಲಸ. ಸಮುದ್ರದಾಚೆಯ ದೇಶವೊಂದು ಗಂಡ ಹೆಂಡತಿಯರನ್ನು ಮಾತ್ರ ಕರೆಸಿಕೊಳ್ಳುತ್ತದೆ ಎಂದು ಗೊತ್ತಾದದ್ದೇ ತಡ, ಶಿಬಿರದ ತುಂಬ ಜೋಡಿಗಳು ನಾಯಿಕೊಡೆಗಳಂತೆ ಎದ್ದಿದ್ದವು. ಜೋಡಿ ಕುದುರಿಸಿಕೊಡುವ ದಲ್ಲಾಳಿಗಳೂ ಹುಟ್ಟಿಕೊಂಡಿದ್ದರು. ಅದಕ್ಕೇ ಈ ಪರೀಕ್ಷೆ. ಗಂಡಸನ್ನೂ ಹೆಂಗಸನ್ನೂ ಬೇರೆ ಬೇರೆಯಾಗಿ ಕೂರಿಸಿ ಅದೇ ಪ್ರಶ್ನೆಗಳನ್ನು ಕೇಳುವುದು. ಉತ್ತರ ತಾಳೆಯಾದರೆ ಹಡಗು. ಆಗದಿದ್ದರೆ ಹೆಂಗಸು ಶಿಬಿರದಲ್ಲೇ ಕೊಳೆಯಬೇಕು, ಗಂಡಸನ್ನು ಲಾರಿ ಹತ್ತಿಸಿ ಗಡಿಯಾಚೆ ಬಿಟ್ಟು ಬರುತ್ತಾರೆ. ಆಚೆ ಬಂದೂಕಿನವರು ಕಾಯುತ್ತಿರುತ್ತಾರೆ. 

ಮದುವೆಯ ದಾಖಲೆ ಎಲ್ಲಿ ಎಂದರೆ ಮನೆಯ ಜೊತೆಗೇ ಸುಟ್ಟುಹೋಯಿತು ಎನ್ನಬೇಕು. ಎಲ್ಲರೂ ಅದನ್ನೇ ಹೇಳುತ್ತಿದ್ದರು, ಇವರೂ ಹೇಳಿದ್ದರು. ಅಧಿಕಾರಿ ಆಕಳಿಸಿ ಮುಂದಕ್ಕೆ ಹೋಗಿದ್ದ.

ಇನ್ನು ಕಲಿಯಲು ಸಮಯವಾದರೂ ಎಲ್ಲಿತ್ತು? ಗಂಡಸರ ಶೆಡ್ಡು ಬೇಲಿಯ ಈಚೆ, ಹೆಂಗಸರದು ಆಚೆ. ತಂತಿಯ ಸಂದಿಗೆ ಬಾಯಿಟ್ಟು ಆಡುವ ನಾಲ್ಕು ಮಾತಿನಲ್ಲಿ ಏನು ತಾನೇ ತಲೆಗೆ ಹೋದೀತು. ಅವಳ ಶೆಡ್ಡಿಗೆ ಹಾಲೂ ಸಕ್ಕರೆಯೂ ಇಲ್ಲದ ಕರಿ ಚಹಾ ಬರುತ್ತದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಪಕ್ಕದ ಬೆಂಚಿನಲ್ಲಿ ಒಬ್ಬ ಬಸ್ ಡ್ರೈವರನೂ ಅವನ ಜೊತೆಯವಳೂ ಕೂತಿದ್ದರು. ನೋಡಿದರೆ ಕಣ್ಣಿಗೆ ತಂಪು. ಅವಳಿಗೆ ಕೆಮ್ಮು ಬರುವ ಮೊದಲೇ ಅವನು ನೀರಿನ ಬಾಟಲಿಯ ಮುಚ್ಚಳ ತಿರುವಿ ಕೊಟ್ಟ. ಅವಳು ಅವನ ಕಾಲರಿಗೆ ಅಂಟಿದ್ದ ದಾರದ ಎಳೆಯನ್ನು ತೆಗೆದು ಹಾಕಿದಳು. ಮಾತು ಕಡಿಮೆ, ನಗು ಜಾಸ್ತಿ. ಗಾರೆಯವನಿಗೆ ಹೊಟ್ಟೆ ಉರಿಯಿತು.

‘ನೋಡಿ ಕಲೀರಿ,’ ಎಂದು ಹೆಂಗಸು ಮೊಣಕೈಯಿಂದ ತಿವಿದಳು.

‘ನೀನೂ ಸ್ವಲ್ಪ ನಗು. ಹೀಗೆ ಮುಖ ಗಂಟು ಹಾಕ್ಕೊಂಡಿದ್ರೆ ಯಾರು ನಂಬ್ತಾರೆ?’

‘ನಗೋ ಹಾಗೆ ಏನು ಮಾಡಿದೀರಿ ನೀವು?’

ಡ್ರೈವರನ ಜೋಡಿ ಒಳಗೆ ಹೋಗಿ, ಬಿಸಿ ಚಹಾ ಆರುವಷ್ಟರಲ್ಲಿ ಹೊರಗೆ ಬಂತು. ಅಧಿಕಾರಿಯೇ ಬಾಗಿಲವರೆಗೆ ಬಂದು ಕೈ ಕುಲುಕಿ ಕಳಿಸಿದ. ಮುಂದಿನ ಸರದಿ ಇವರದು.

ಅಧಿಕಾರಿ ಕೆಟ್ಟವನೇನಲ್ಲ. ದಿನವಿಡೀ ಸುಳ್ಳು ಕೇಳಿ ಕೇಳಿ ಕಿವಿ ಸೋತವನು. ಯಾರು ನಿಜ, ಯಾರು ನಕಲಿ ಎಂದು ಬಾಗಿಲಲ್ಲೇ ಹೇಳಬಲ್ಲೆ ಎಂಬ ಜಂಬ ಮಾತ್ರ ಇತ್ತು. ಮೊದಲು ಗಾರೆಯವನನ್ನು ಕೇಳಿದ, ಆಮೇಲೆ ಹೆಂಗಸನ್ನು. ಕೊನೆಗೆ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಗಾರೆಯವನತ್ತ ನೋಡಿದ.

‘ಇವರು ಚಹಾಕ್ಕೆ ಎರಡು ಚಮಚ ಸಕ್ಕರೆ ಹಾಕ್ಕೋತಾರೆ ಅಂತ ನೀವಂದ್ರಿ. ಸಕ್ಕರೆ ಮುಟ್ಟೋದೇ ಇಲ್ಲ ಅಂತಾರೆ ಇವರು. ಇವರ ಬ್ರಷ್ಷಿನ ಬಣ್ಣ ನಿಮಗೆ ಗೊತ್ತೇ ಇಲ್ಲ. ಹೋಗ್ಲಿ, ಮಲಗೋ ಮಗ್ಗುಲು?’ ಅವನು ಕನ್ನಡಕ ತೆಗೆದಿಟ್ಟ. ‘ನೀವು ಬಲ ಅಂದ್ರಿ. ಇವರು ಎಡ ಅಂದ್ರು.’

ಗಾರೆಯವನು ಅವಳತ್ತ ತಿರುಗಿದ. ‘ಬಲ ಅಂತ ನೀನೇ ತಾನೇ ಹೇಳ್ಕೊಟ್ಟಿದ್ದು?’

‘ನೀವು ಹೇಗಿದ್ರೂ ಮರೀತೀರ ಅಂತ ನಾನು ಎಡ ಅಂದೆ.’ ಅವಳು ಮುಖ ಆಚೆ ತಿರುಗಿಸಿದಳು. ‘ನನ್ನ ಮಾತು ಯಾವತ್ತು ಕೇಳಿದೀರಾ, ಇವತ್ತು ಕೇಳೋಕೆ?’

ಅವನಿಗೆ ಸಿಟ್ಟು ಬರಬೇಕಿತ್ತು. ಅಳು ಬಂತು.

‘ನಾಟಕಕ್ಕೂ ತಾಲೀಮು ಬೇಕಮ್ಮ,’ ಎಂದು ಅಧಿಕಾರಿ ಗಂಟೆ ಒತ್ತಿದ.

ಲಾರಿ ಅಂಗಳದಲ್ಲೇ ನಿಂತಿತ್ತು. ಪೊಲೀಸಿನವನು ಗಾರೆಯವನ ತೋಳು ಹಿಡಿದು ನಡೆಸಿದ. ಹೆಂಗಸು ಅಳಲಿಲ್ಲ, ಕೂಗಾಡಲಿಲ್ಲ. ಆದರೆ ಅವನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಅವನನ್ನು ಮೇಲೆ ಹತ್ತಿಸಿ ಹಿಂದಿನ ಹಲಗೆ ಮುಚ್ಚಿದ ಮೇಲೆ ಅವಳು ಅಲ್ಲೇ ಮೆಟ್ಟಿಲ ಮೇಲೆ ಕುಸಿದಳು.

ಡ್ರೈವರನ ಜೊತೆಯವಳು ಬಂದು ಅವಳ ಪಕ್ಕ ಕೂತಳು. ಒಳ್ಳೆಯ ಮನಸ್ಸಿನವಳೇ. ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಕುಡಿಸಿದಳು. ಆಮೇಲೆ ಕಿವಿಯ ಹತ್ತಿರ ಬಗ್ಗಿದಳು.

‘ಬೇಜಾರು ಮಾಡ್ಕೋಬೇಡಿ ಅಕ್ಕಾ. ನಾವಿಬ್ರೂ ಒಬ್ಬರ ಮುಖ ಒಬ್ಬರು ನೋಡಿದ್ದೇ ಹೋದ ತಿಂಗಳು. ನಮ್ಮ ದಲ್ಲಾಳಿ ಎಲ್ಲಾ ಬಾಯಿಪಾಠ ಮಾಡಿಸಿದ. ನಿಮ್ಮನ್ನ ಇವರ ಜೊತೆ ಸೇರಿಸಿದ್ದು ಯಾರು?’

ಲಾರಿಯ ಎಂಜಿನ್ ಗುಡುಗುಟ್ಟಿತು. ಹಲಗೆಗೆ ಆತು ನಿಂತಿದ್ದ ಗಾರೆಯವನಿಗೆ ಅವಳ ಉತ್ತರ ಮಾತ್ರ ಕೇಳಿಸಿತು.

‘ನಮ್ಮಪ್ಪ. ನನಗಾಗ ಹತ್ತೊಂಬತ್ತು ವರ್ಷ.’