ಗೂಬೆಯ ಬಾಣಂತನ

ಅಟ್ಟದ ಮೂಲೆಯಲ್ಲಿ ಗೂಬೆ ಮೊಟ್ಟೆಯಿಟ್ಟಾಗ, ಅಪಶಕುನ, ಮನೆಯನ್ನೇ ಬಿಡೋಣ ಎಂದು ಹಟ ಹಿಡಿದವಳು ಅಜ್ಜಿ. ಮೊಮ್ಮಗಳು ಅಲ್ಲೊಂದು ಕ್ಯಾಮೆರಾ ಇಟ್ಟು ಫೋನಿನಲ್ಲಿ ಮರಿಗಳನ್ನು ತೋರಿಸಿದಳು. ಅಂದಿನಿಂದ ಅಜ್ಜಿ ಫೋನನ್ನು ಕೆಳಗಿಡಲಿಲ್ಲ. ಬೇಟೆ ಸಿಗದೆ ಮರಿಯೊಂದು ಹಸಿವಿನಿಂದ ಸತ್ತ ದಿನ ಅವಳೂ ಉಣ್ಣಲಿಲ್ಲ.

ಇಂದು ಮುಸ್ಸಂಜೆಯಲ್ಲಿ ತಾಯಿಗೂಬೆ ಇಲಿಯ ಮೇಲೆ ಇಲಿ ತಂದು ಹಾಕುತ್ತಿತ್ತು.

"ಅಜ್ಜೀ, ನೋಡು! ಉಳಿದ ಮರಿಗಳೆಲ್ಲಾ ನುಂಗಿದ್ವು!"

"ತಿನ್ಲಿ ಬಿಡೇ, ಹಸಿದ ಕೂಸುಗಳು."

"ಇವತ್ತೊಂದೇ ದಿನ ಇಷ್ಟೊಂದು ಇಲಿ ಹೆಂಗೆ ಸಿಕ್ತು ಇದಕ್ಕೆ?"

ಅಜ್ಜಿ ಫೋನಿನಿಂದ ಕಣ್ಣು ತೆಗೆಯದೆ ನಕ್ಕಳು.

"ಓಡೋ ಇಲೀನ ಬಾಣಂತಿ ಎಲ್ಲಿ ಹಿಡೀತಾಳೆ, ಪಾಪ! ಅದಕ್ಕೇ ಹಿತ್ತಲ ತುಂಬಾ ಇಲಿ ಪಾಷಾಣ ಇಟ್ಟು ಬಂದಿದ್ದೆ ಕಣೇ."