ಹಳೆಯ ಪ್ರಿಆಂಪ್

ಮಗಳು ಮುಕ್ತಾ ಜ್ವರದಿಂದ ತೀರಿಕೊಳ್ಳುವ ಮೂರು ದಿನ ಮೊದಲು ಹಾಡಿದ ಕ್ಯಾಸೆಟ್ಟನ್ನು ನರಹರಿರಾಯರು ಹತ್ತೊಂಬತ್ತು ವರ್ಷಗಳಿಂದ, ದನಿ ಹಿಗ್ಗಿಸುವ ಹಳೆಯ ವಾಲ್ವ್ ಪ್ರಿಆಂಪ್ಲಿಫೈಯರಿನಲ್ಲಿ ಕೇಳುತ್ತ ಬಂದಿದ್ದರು. ರಿಪೇರಿಯ ಬಶೀರ ಈಗಿನ ಕಾಲದ್ದೊಂದನ್ನು ತಂದು ಅದರ ಪಕ್ಕದಲ್ಲಿಟ್ಟ.

“ಹಳೇದ್ರಾಗ ದನಿ ಇಂಪೈತ್ರಿ, ಆದ್ರ ಗುಂಯ್ ಅಂತೈತಿ. ಇದ್ರಾಗ ಮುಕ್ತಾ ತಂಗೀದು ಉಸಿರೂ ಕೇಳಸ್ತೈತಿ. ಎರಡೂ ಕೇಳಿ ನೋಡ್ರಿ.”

“ಮೊದಲ ಹಳೇದು ಹಚ್ಚು.”

ಗುಂಯ್ ಎನ್ನುವ ಸದ್ದು, ಆಮೇಲೆ ಹಾಡು. ರಾಯರು ಎಂದಿನಂತೆ ಕಣ್ಣು ಮುಚ್ಚಿಕೊಂಡು ಕೇಳಿದರು. ಬಶೀರ ವೈರು ಬದಲಿಸಿ, ಕ್ಯಾಸೆಟ್ಟನ್ನು ಮತ್ತೆ ಶುರುವಿಗೆ ಸುತ್ತಿ, ಹೊಸದರಲ್ಲಿ ಹಚ್ಚಿದ. ಗುಂಯ್ ಸದ್ದು ಇರಲಿಲ್ಲ. ಹಾಡಿಗೆ ಮುಂಚೆ ಪಿಸುದನಿಯೊಂದು ಸ್ಪಷ್ಟವಾಗಿ ಕೇಳಿಸಿತು.

“ಅಪ್ಪಾ, ಮೈ ಸುಡ್ಲಿಕತ್ತದ. ಇವತ್ತ ಸಾಕು.”

ಅದರ ಹಿಂದೆಯೇ ರಾಯರದೇ ದನಿ. “ನೆವಾ ಹೇಳಬ್ಯಾಡ. ಹಾಡು.”

ಹಾಗೆ ಹೇಳಿದ್ದು ರಾಯರಿಗೆ ನೆನಪೇ ಇರಲಿಲ್ಲ. ಬಶೀರ ತಲೆ ತಗ್ಗಿಸಿ ನಿಂತ.

“ಬಶೀರ, ಇದನ್ನ ತಗೊಂಡು ಹೋಗು. ಹಳೇದನ್ನ ಹಚ್ಚು.”

ಬಶೀರ ಹಳೆಯದನ್ನು ಜೋಡಿಸಿ ಕ್ಯಾಸೆಟ್ಟನ್ನು ಶುರುವಿನಿಂದ ಹಚ್ಚಿದ. ಮತ್ತೆ ಗುಂಯ್ ಸದ್ದು ಶುರುವಾಯಿತು. ಅದರೊಳಗೂ ಈಗ ರಾಯರಿಗೆ ಆ ಪಿಸುದನಿ ಕೇಳಿಸುತ್ತಿತ್ತು.